ಎರಡು ಸೀಟಿನ ಗಾಡಿ

ಶೈಲಾ ನಮ್ಮನಿಗೆ ಬಂದಾಗ ಒಂದು ಪತ್ರಾದ ಟ್ರಂಕು, ಒಂದು ಕೌದಿ, ಒಂದು ಡಬ್ಬಿ ತುಂಬ ಶೇಂಗಾ ಉಂಡಿ ತಂದಿದ್ಲು. ಉಂಡಿ ಬಿಟ್ಟು ಉಳಿದದ್ದು ಯಾವುದೂ ನನಗ ಸೇರಲಿಲ್ಲ, ಆಕಿನೂ ಸೈತ. ಆಕಿ ನಮ್ಮಪ್ಪನ ತಂಗಿ ಮಗಳು. ಪಾರಿಶ್ವಾಡದಾಗ ಏಳನೇತ್ತಾ ಮುಗಿಸಿದ್ಲು, ಮುಂದಿನ ಸಾಲಿ ಬೆಳಗಾವ್ಯಾಗ ಕಲೀಲಿ ಅಂತ ಅತ್ತಿ ತಂದು ಬಿಟ್ಟು ಹೋದ್ಲು. ಅಲ್ಲೀತನಕ ಮನ್ಯಾಗ ನಾನು ಒಬ್ಬಾಕಿನಽ ಮಗಳು. ದೇವರ ಜಗಲಿ ಬಾಜುಕಿನ ಕಪಾಟಿನ್ಯಾಗ ಮ್ಯಾಲಿನ ಖಾನೆ ನಂದು, ಅಪ್ಪನ ತಾಟಿನ ಮೊದಲನೇ ತುತ್ತು ನಂದು, ಪಡಸಾಲಿ ಕಿಡಕಿ ಬುಡಕ ಹಾಸಿಗಿ ನಂದು. ಒಂದು ವಾರದಾಗ ಕಪಾಟು ಅರ್ಧ ಆತು, ಹಾಸಿಗಿ ಅರ್ಧ ಆತು. ತುತ್ತಿನ ಸುದ್ದಿ ಬ್ಯಾಡ ಬಿಡ್ರಿ. ಅಪ್ಪ ರೊಟ್ಟಿ ಮುರದು ಬೆಣ್ಣಿ ಹಚ್ಚಿ ಮೊದಲ ಆಕಿ ಕೈಯಾಗ ಇಡತಿದ್ದ, ಯಾಕಂದ್ರ ಆಕಿ "ತಾಯಿ ಬಿಟ್ಟು ಬಂದ ಕೂಸು." ನಾನು ತಾಯಿ ಬಾಜೂಕ ಕುಂತಿದ್ದೆ, ಅದಽ ನನ್ನ ತಪ್ಪು.

ಆಕಿ ಕೆಟ್ಟಾಕಿ ಇದ್ದಿದ್ರ ನನಗ ಎಷ್ಟೋ ಹಗುರ ಆಗತಿತ್ತು. ಏನೂ ಕೆಟ್ಟದ್ದಿರಲಿಲ್ಲ ಆಕಿಯೊಳಗ. ಎಲ್ಲಾರಿಗೂ 'ರೀ' ಹಚ್ಚಿ ಮಾತಾಡಾಕಿ, ಹೇಳೂಕಿಂತ ಮೊದಲ ನೀರು ತರಾಕಿ, ನನಗಿಂತ ಉದ್ದ ಜಡಿ ಇದ್ದಾಕಿ. ಅವರ ಹೊಲದಾಗಿನ ಮೋಟರು ನೀರು ಎಳ್ಯಾಕತ್ತೈತೋ ಇಲ್ಲಾ ಖಾಲಿ ತಿರಗಾಕತ್ತೈತೋ ಅಂತ ಮನ್ಯಾಗ ರೊಟ್ಟಿ ಬಡಕೋತ ಕುಂತಲ್ಲೆ ಸದ್ದು ಕೇಳಿ ಹೇಳತಿದ್ದಳಂತ. ಅತ್ತಿ ಇದನ್ನ ಹೆಮ್ಮಿಲೆ ಹೇಳಿದಾಗ ಅಪ್ಪ ತುತ್ತು ಕೈಯಾಗ ಹಿಡಕೊಂಡು ಆಕಿ ಮಾರಿ ನೋಡಿದ. ಆ ನೋಟ ನನಗ ಇವತ್ತಿಗೂ ನೆನಪೈತಿ.

ನಮ್ಮ ಮನಿ ಪೀರನವಾಡಿಯೊಳಗ ರಸ್ತಾಕ್ಕ ಹಚ್ಚಿಕೊಂಡ ಇತ್ತು. ಮುಂದ ತಗಡಿನ ಶೆಡ್ಡು, ಅದು ಅಪ್ಪನ ಗ್ಯಾರೇಜು. ಹಿಂದ ಪಡಸಾಲಿ, ಅಡಿಗಿಮನಿ, ಹಿತ್ತಲ. ಅಡಿಗಿಮನಿಗೂ ಶೆಡ್ಡಿಗೂ ನಡುವ ಒಂದು ಸಣ್ಣ ಕಿಡಕಿ. ಅವ್ವನ ಸಂಸಾರ ಅರ್ಧ ಆ ಕಿಡಕಿಯೊಳಗ ನಡೀತಿತ್ತು. ಚಹಾ ಅಲ್ಲಿಂದ ಹೋಗತಿತ್ತು, ಖಾಲಿ ಕಪ್ಪು ಅಲ್ಲಿಂದ ಬರತಿತ್ತು, ಜಗಳಾನೂ ಅಲ್ಲಿಂದನ. ಅಪ್ಪ ಮೊದಲ ಉದ್ಯಮಬಾಗದ ಒಂದು ಫೌಂಡ್ರಿಯೊಳಗ ಗ್ರೈಂಡಿಂಗ್ ಮಶೀನಿನ ಮ್ಯಾಲೆ ಕೆಲಸ ಮಾಡತಿದ್ದ, ಆಮ್ಯಾಲೆ ಅದನ್ನ ಬಿಟ್ಟು ಗಾಡಿ ರಿಪೇರಿಗೆ ಬಿದ್ದ. ಉಳಿದ ಮಿಸ್ತ್ರಿಗಳು ಉದ್ದನ ಸ್ಕ್ರೂಡ್ರೈವರ್ ಎಂಜಿನ್ನಿಗೆ ಹಚ್ಚಿ ಹಿಡಿಕಿ ಕಿವಿಗೆ ಇಟ್ಟು ಕೇಳತಿದ್ರು. ನಮ್ಮಪ್ಪ ಹಿಡಿಕೀನ ಹಲ್ಲಾಗ ಕಚ್ಚಿ ಕಣ್ಣು ಮುಚ್ಚತಿದ್ದ. ಅದು ಅಪ್ಪನ ಸ್ಟೈಲು ಅಂತ ನಾನು ಸಾಲ್ಯಾಗ ಹೇಳಿಕೊಂಡು ತಿರಗತಿದ್ದೆ.

ಪಂಚಮಿ ಮುಗದ ಮ್ಯಾಲೆ ಆ ಗಾಡಿ ಬಂತು. ಖಾನಾಪುರದಾಗ ಹಂಚಿನ ಫ್ಯಾಕ್ಟರಿ ಇಟ್ಟಿದ್ದ ಮರಾಠಿ ಸಾವಕಾರ್ರು ಒಬ್ರು ಅದನ್ನ ಗೋವಾದಾಗ ಯಾವನೋ ಹಡಗಿನ್ಯಾಂವನ ಕಡಿಂದ ತಗೊಂಡಿದ್ರು. ಲಾರಿ ಹಿಂದ ಹಗ್ಗ ಕಟ್ಟಿ ಎಳಕೊಂಡು ತಂದ್ರು. ಕಾರು ಕೆಂಪಂದ್ರ ಕೆಂಪು. ಮೂತಿ ಉದ್ದ, ಹಿಂದ ಮೊಟಕು, ನೆಲಕ್ಕ ಹೊಟ್ಟಿ ತಾಗೂವಷ್ಟು ಗಿಡ್ಡ. ಓಣಿ ಮಂದಿಯೆಲ್ಲಾ ನೋಡಾಕ ಬಂದ್ರು. ನಾನು ಗ್ಲಾಸಿಗೆ ಮೂಗು ಹಚ್ಚಿ ಒಳಗ ಇಣುಕಿದೆ. ಎರಡಽ ಸೀಟು! ಹಿಂದ ಸೀಟಽ ಇಲ್ಲ. ನನ್ನ ಬಾಜೂಕ ಶೈಲಾನೂ ಗ್ಲಾಸಿಗೆ ಮೂಗು ಹಚ್ಚಿದ್ಲು. ಒಂದರಾಗ ಅಪ್ಪ ಕುಂದರತಾನ, ಇನ್ನೊಂದು ಉಳಿತೈತಿ ಅಂತ ಆ ಹೊತ್ತಿನ್ಯಾಗ ಇಬ್ಬರ ತಲ್ಯಾಗೂ ಬಂದಿರಬೇಕು. ನನ್ನ ತಲ್ಯಾಗಂತೂ ಬಂತು.

ಗಾಡಿಯ ಜಡ್ಡು ಏನಂದ್ರ, ಅದರ ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಹೇಳಾಕ ಸೀಟಿನ ಬುಡಕ ಒಂದು ಕಂಪ್ಯೂಟರ್ ಡಬ್ಬಿ ಇತ್ತು. ಆ ಡಬ್ಬಿ ಹುಕುಂ ಕೊಟ್ಟಷ್ಟು ಪೆಟ್ರೋಲನ್ನ ಸಣ್ಣ ಸಣ್ಣ ಪಿಚಕಾರಿಗೋಳು ಒಳಗ ಹೊಡೀತಿದ್ವು. ಡಬ್ಬಿಯೊಳಗ ನೀರು ಹೊಕ್ಕು ಅದು ಸತ್ತಿತ್ತು. ಪುಣೆದಾಗಿನ ಮಂದಿನೂ ಇದರ ಸಾಮಾನು ಪರದೇಶದಿಂದ ಬರಬೇಕು ಅಂತ ಕೈ ಎತ್ತಿದ್ರು. ಅಪ್ಪ ಗಾಡಿ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ ಬಾಳ ಹೊತ್ತು ನೋಡಿದ.

"ಸಾವಕಾರ್ರ, ಈ ಡಬ್ಬಿ, ಈ ಪಿಚಕಾರಿ ಎಲ್ಲಾ ಕಿತ್ತು ಒಗದು ಬಿಡೂಣು. ಎರಡು ಕಾರ್ಬೋರೇಟರ್ ಕುಂದರಸತೀನಿ. ಹಳೇ ಪದ್ಧತಿ. ಗಾಳಿ ಎಳದಂಗ ಪೆಟ್ರೋಲ್ ಕೂಡಿಕೋತೈತಿ, ಗಾಡಿ ತಾನಽ ಉಸಿರಾಡತೈತಿ."

ಸಾವಕಾರ್ರು ಗಟ್ಟಿಯಾಗಿ ನಕ್ಕು, "ಹೋ, ಹೋ, ಕರಾ ಮಿಸ್ತ್ರಿ!" ಅಂತ ಮರಾಠ್ಯಾಗ ಒಪ್ಪಿಗಿ ಕೊಟ್ರು. ದಸರಾಕ್ಕ ಗಾಡಿ ನಮ್ಮ ಬಾಗಲಾಗ ಇರಬೇಕು, ನೀನಽ ಹೊಡಕೊಂಡು ಬರಬೇಕು ಅಂತ ಮಾತು ತಗೊಂಡು ಹೋದ್ರು.

ಅವತ್ತಿನಿಂದ ಅಪ್ಪ ನಮ್ಮವನಾಗಿ ಉಳೀಲಿಲ್ಲ. ಮುಂಜಾನೆ ಎದ್ದು ಮಾರಿ ತೊಳಕೊಂಡಂವ ಸೀದಾ ಶೆಡ್ಡಿಗೆ. ಎಂಜಿನ್ನಿನ ಬಾಯಿಗೂ ಕಾರ್ಬೋರೇಟರಿಗೂ ನಡುವ ಕುಂದರಸಾಕ ಒಂದು ಅಲ್ಯುಮಿನಿಯಂ ಕೊಳವಿ ಬೇಕಾಗಿತ್ತು, ಅದು ಎಲ್ಲೂ ಸಿಗೂವಂಥಾದ್ದಲ್ಲ. ಅಪ್ಪ ಸಾಗವಾನಿ ಕಟ್ಟಿಗಿಯೊಳಗ ಅದರ ಅಚ್ಚು ಕೆತ್ತಿ, ತನ್ನ ಹಳೇ ಫೌಂಡ್ರಿಗೆ ಹೋಗಿ ಎರಕ ಹೊಯ್ಯಿಸಿಕೊಂಡು ಬಂದ. ಗೋಣಿಚೀಲದಾಗ ಸುತ್ತಿ ಎದಿಗೆ ಅವಚಿಕೊಂಡು ಬಂದದ್ದು ನೋಡಿದ್ರ ಬಾಣಂತಿ ಮನಿಯಿಂದ ಕೂಸು ತಂದಾನೇನೋ ಅನ್ನಬೇಕು. ಗುಜರಿಯೊಳಗ ಹುಡುಕಿ ತಂದ ಎರಡು ಹಳೇ ಕಾರ್ಬೋರೇಟರ್‌ಗಳನ್ನ ಸೀಮೆಎಣ್ಣಿಯೊಳಗ ನೆನಿಸಾಕ ಅವ್ವನ ದೊಡ್ಡ ಬೋಗಾಣಿ ಎತ್ತಿಕೊಂಡು ಹೋದ. ಹೋಳಗಿ ಹೂರಣ ಕುದಸೂ ಬೋಗಾಣಿ ಅದು! ಅವ್ವ ಕಿಡಕಿಯೊಳಗ ತಲಿ ಹಾಕಿ ಒದರಿದ್ಲು.

"ಏನ್ರೀ, ಕೇಳಸ್ತೇನ್ರಿ? ನನ್ನ ಬೋಗಾಣಿ ಎಲ್ಲೆ?"

ಅಪ್ಪ ಬಾನೆಟ್ಟಿನ್ಯಾಗ ತಲಿ ಇಟ್ಟಂವ ಇಟ್ಟಂಗಽ ಇದ್ದ.

"ನೋಡು ಕಸ್ತೂ, ನೋಡು ನಿಮ್ಮಪ್ಪನ್ನ. ಕೆಂಪು ಸವತಿನ ಮನಿಗೆ ತಂದು ಕಟ್ಟ್ಯಾರ. ಆಕಿ ಮುಂದ ನಿಂತ್ರ ಹೆಂಡ್ತಿ ಬೊಬ್ಬಿ ಹೊಡದ್ರೂ ಕಿವಿಗೆ ಬೀಳಂಗಿಲ್ಲ ಇವರಿಗೆ."

ಅವ್ವ ಆ ಗಾಡೀನ ಸವತಿ ಅಂತನ ಕರೀತಿದ್ಲು, ಚ್ಯಾಷ್ಟಿಗೆ ಅಲ್ಲ. ಊಟಕ್ಕ ಕರದ್ರ ಬರೂದಿಲ್ಲ, ಬಂದವರು ಯಾರು ಅಂತ ಕೇಳಿದ್ರ ಉತ್ತರಿಲ್ಲ, ನಾನು ಸಾಲಿಯಿಂದ ಬಂದು "ಅಪ್ಪಾ, ಇವತ್ತ ಕಬಡ್ಡ್ಯಾಗ ನಮ್ಮ ಟೀಮು ಗೆದ್ದಿತು" ಅಂದ್ರ ಹೂಂ ಇಲ್ಲ ಹಾಂ ಇಲ್ಲ. ಬೆನ್ನಿಗೆ ಹೇಳಿದಂಗ. ನನಗಂತೂ ಗಾಡಿ ಮ್ಯಾಲೂ ಸಿಟ್ಟು, ಶೈಲಾನ ಮ್ಯಾಲೂ ಸಿಟ್ಟು. ಯಾಕಂದ್ರ ಶೈಲಾ ಹೋದ್ರ ಮಾತ್ರ ಅಪ್ಪ ತಲಿ ಎತ್ತತಿದ್ದ. ಆಕಿ ಗಾಡಿ ಸುತ್ತು ಹಾಕಿ ಅಪ್ಪನ ಎದುರಿಗೆ ಹೋಗಿ ನಿಂತು, "ಮಾಮಾ, ಚಹಾ ತಗೋರಿ" ಅಂತಿದ್ಲು. ಅಪ್ಪ ನಕ್ಕು ಕಪ್ಪು ಇಸಕೊಂತಿದ್ದ. ಅದಽ ಚಹಾ ಅವ್ವ ಕಿಡಕಿಯಿಂದ ಕೊಟ್ರ ಆರಿ ಕೆನಿ ಕಟ್ಟತಿತ್ತು. ಅವ್ವ ಇದನ್ನೂ ನೋಡಿದ್ಲು. "ತಂಗಿ ಮಗಳ ಕೈ ಚಹಾ ರುಚಿ ಬಾಳ" ಅಂತ ಒಲಿಗೆ ಹೇಳಿದ್ಲು. ಮನ್ಯಾಗ ನನ್ನ ಪಕ್ಷದಾಕಿ ಅಂದ್ರ ಅವ್ವ ಒಬ್ಬಾಕಿನಽ.

ಮೊದಲನೇ ಸಲ ಚಾಲೂ ಮಾಡಿದಾಗ ಶೆಡ್ಡಿನ ತುಂಬ ಪೆಟ್ರೋಲ್ ವಾಸನಿ. ಕಾರ್ಬೋರೇಟರಿನ ಬಾಯಿಂದ ಪೆಟ್ರೋಲ್ ಬಳಬಳ ಸುರೀತು. ಪಿಚಕಾರಿಗೆ ಅಂತ ಇದ್ದ ಹಳೇ ಪಂಪು ಪೆಟ್ರೋಲನ್ನ ಜೋರಿಲೆ ತಳ್ಳತಿತ್ತು, ಕಾರ್ಬೋರೇಟರಿಗೆ ಅಷ್ಟು ಜೋರು ಬೇಕಾಗಿಲ್ಲ. ಅವ್ವ ಒಲಿಗೆ ನೀರು ಹೊಯ್ದು, ನಮ್ಮಿಬ್ಬರನ್ನೂ ರಟ್ಟಿ ಹಿಡದು ಹಿತ್ತಲಕ್ಕ ಎಳಕೊಂಡು ಹೋದ್ಲು. ಅಪ್ಪ ಆ ಪಂಪು ಕಿತ್ತು, ಜೀಪಿನದೊಂದು ಮೆತ್ತನ ಪಂಪು ಹಾಕಿದ. ಎರಡನೇ ಸಲಕ್ಕ ಎಂಜಿನ್ ಹತ್ತಿತು. ಹತ್ತಿತು ಖರೇ, ಆದ್ರ ಕುಂಟತಿತ್ತು. ಇಡೀ ಗಾಡಿ ಚಳಿಜ್ವರ ಬಂದಂಗ ನಡಗತಿತ್ತು.

ಅಪ್ಪ ಒಂದು ಮಾರು ಉದ್ದ ರಬ್ಬರ್ ಪೈಪು ಕತ್ತರಿಸಿ ತಂದ. ಎರಡೂ ಕಾರ್ಬೋರೇಟರು ಗಾಳಿ ಸಮ ಎಳೀಬೇಕು, ಒಂದು ಜಾಸ್ತಿ ಎಳದ್ರ ಇನ್ನೊಂದು ಉಪವಾಸ ಬೀಳತೈತಿ ಅಂತ ನಮಗ ತಿಳಿಸಿ ಹೇಳಿದ. ಪೈಪಿನ ಒಂದು ತುದಿ ಕಾರ್ಬೋರೇಟರಿನ ಬಾಯಾಗ, ಇನ್ನೊಂದು ಕಿವಿಯಾಗ. ಗಾಳಿ ಎಳ್ಯೂ ಸುಂಯ್ ಸದ್ದು ಎರಡರದೂ ಒಂದಽ ಆಗೂತನಕ ಸ್ಕ್ರೂ ತಿರಗಸೂದು. ಕೆಲಸ ಅಂದ್ರ ಇಷ್ಟಽ.

"ನನ್ನ ಎರಡೂ ಕೈ ಸ್ಕ್ರೂ ಮ್ಯಾಲೆ ಇರಬೇಕು. ಕೇಳಾಕ ಒಬ್ರು ಬೇಕು. ಯಾರು ಬರತೀರಿ?"

ನಾನು ಶೈಲಾನ್ನ ತಳ್ಳಿ ಮುಂದ ಹೋದೆ. ಪೈಪು ಕಿವಿಗೆ ಇಟ್ಟುಕೊಂಡೆ. ಒಂದು ಕಾರ್ಬೋರೇಟರು ಸುಂಯ್ ಅಂತು, ಇನ್ನೊಂದೂ ಸುಂಯ್ ಅಂತು. ಅಪ್ಪ ನನ್ನ ಮಾರಿನ ನೋಡಾಕತ್ತಿದ್ದ. ಎಷ್ಟು ದಿವಸ ಆಗಿತ್ತು ಅಪ್ಪ ನನ್ನ ಮಾರಿ ಹಂಗ ನೋಡಿ! ಅಂವಗ ಖುಷಿ ಆಗಲಿ ಅಂತ, "ಎರಡೂ ಒಂದಽ ಅದಾವ ಅಪ್ಪಾ, ಬರೋಬ್ಬರಿ ಅದಾವ" ಅಂದೆ. ಗಾಡಿ ನಡಗೂದು ನಿಂತಿರಲಿಲ್ಲ, ಅದೂ ನನ್ನ ಲಕ್ಷ್ಯಕ್ಕ ಬರಲಿಲ್ಲ. ಅಪ್ಪ ಪೈಪು ಇಸಕೊಂಡು ಶೈಲಾನ ಕೈಗೆ ಕೊಟ್ಟ. ಆಕಿ ಕಣ್ಣು ಮುಚ್ಚಿದ್ಲು. ಬಲಗಡಿದು, ಎಡಗಡಿದು, ಮತ್ತ ಬಲಗಡಿದು.

"ಮಾಮಾ, ಬಲಗಡಿದು ಹಾಲು ಉಕ್ಕೂಕಿಂತ ಮೊದಲ ಅಂತದಲ್ಲರಿ, ಹಂಗ ಮೆತ್ತಗ ಅದ. ಎಡಗಡಿದು ಕುಕ್ಕರ್ ಸೀಟಿ ಹೊಡ್ಯಾಕ ಬಂದಂಗ ಅದ."

ಅಪ್ಪ ಎಡಗಡೆ ಸ್ಕ್ರೂ ಒಂಚೂರು ತಿರಗಿಸಿದ. "ಈಗ?" "ಇನ್ನ ಸ್ವಲ್ಪ ರೀ." "ಈಗ?" "ಹಾಂ, ಹಾಂ, ನಿಲ್ಲಸ್ರಿ!" ಗಾಡಿ ನಡಗೂದು ನಿಂತಿತು. ಗಾಡಿ ಮ್ಯಾಲೆ ಇಟ್ಟಿದ್ದ ಚಹಾದ ಕಪ್ಪಿನ್ಯಾಗ ಚಹಾ ಅಲಗಾಡಲಿಲ್ಲ. ಅಪ್ಪ ಎಣ್ಣಿಗೈಲೆ ಆಕಿ ತಲಿ ಸವರಿದ. ಆ ಎಣ್ಣಿ ಕಲೆ ಆಕಿ ರಿಬ್ಬನ್ನಿಗೆ ಹತ್ತಿತು. ಮರುದಿವಸ ತೊಳ್ಯಾಕ ಹಾಕಲಿಲ್ಲ ಆಕಿ, ಅದಽ ರಿಬ್ಬನ್ ಕಟ್ಟಿಕೊಂಡು ಸಾಲಿಗೆ ಬಂದ್ಲು. ನನ್ನ ಬಾಜೂಕ ಒಂದಽ ಬೆಂಚಿನ ಮ್ಯಾಲೆ ಕುಂತು ದಿನಾಪೂರ್ತಿ ಆ ಕಲೆ ತೋರಿಸಿದ್ಲು. ಖರೇ ಹೇಳಬೇಕಂದ್ರ ಆಕಿ ತೋರಸಲಿಲ್ಲ, ನಾನಽ ನೋಡಿದೆ.

ಆಮ್ಯಾಲೆ ಪೈಪು ಆಕಿದಽ ಆತು. ದಿನಾ ಸಾಲಿ ಬಿಟ್ಟ ಮ್ಯಾಲೆ ಇಬ್ಬರೂ ಬಾನೆಟ್ಟಿನ ಬುಡಕ. ನನಗ ಇನ್ನೊಂದು ಸಲ ಕೊಡಲಿಲ್ಲ ಅಪ್ಪ. ಒಂದು ಸಲ! ಹೆತ್ತ ಮಗಳು ನಾನು, ಒಂದು ಸಲ ತಪ್ಪಿದ್ರ ಇನ್ನೊಂದು ಸಲ ಕೇಳಬಾರದೇನು? ಅವ್ವನ ಮುಂದ ಅತ್ತೆ. ಅವ್ವ ರೊಟ್ಟಿ ಬಡ್ಯೂದು ನಿಲ್ಲಿಸಿ, "ಅತ್ತು ಏನು ಮಾಡತಿ, ನನ್ನ ಬೋಗಾಣಿನೂ ಹೋತು" ಅಂದ್ಲು.

ದಸರಾದ ಹಿಂದಿನ ದಿವಸ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ, ಅವತ್ತ ಗ್ಯಾರೇಜಿನ್ಯಾಗ ಯಾರೂ ನಟ್ಟು ಬಿಚ್ಚೂ ಪಾನಾ ಮುಟ್ಟಂಗಿಲ್ಲ. ಎಲ್ಲಾ ತೊಳದು, ಒರಸಿ, ಹಲಗಿ ಮ್ಯಾಲೆ ಸಾಲಾಗಿ ಇಟ್ಟು ಪೂಜಿ ಮಾಡತಿದ್ವಿ. ಪಾನಾ, ಪಕ್ಕಡ, ಜ್ಯಾಕು, ಎಲ್ಲಾಕೂ ವಿಭೂತಿ, ಕುಂಕುಮ, ಚೆಂಡುಹೂವು. ಅಪ್ಪ ಒಂದು ಕಾರ್ಬೋರೇಟರ್ ಕಡೀ ಸಲ ತೊಳ್ಯಾಕಂತ ಬಿಚ್ಚಿದ್ದ, ಪೂಜಿ ಹೊತ್ತಿಗೆ ಅದರ ಪೆಟ್ರೋಲ್ ಬಟ್ಟಲಾ ಬಾಯಿ ತೆರಕೊಂಡು ಹಲಗಿ ಮ್ಯಾಲೆ ಕುಂತಿತ್ತು. ಅವ್ವ ಆರತಿ ಹಿಡಕೊಂಡು ಬಂದ್ಲು. ಸವತಿ ಅಂತ ಬೈದ್ರೂ ಪೂಜಿಯೊಳಗ ಆಕಿ ಕೈ ಎಂದೂ ಗಿಡ್ಡ ಅಲ್ಲ. ಗಾಡಿ ಬಾನೆಟ್ಟಿಗೆ ಅಂಗೈ ತುಂಬ ಕುಂಕುಮ ಹಚ್ಚಿದ್ಲು, ನಾಕೂ ಗಾಲಿ ಬುಡಕ ಲಿಂಬಿಹಣ್ಣು ಇಟ್ಲು, ಹಲಗಿ ಮ್ಯಾಲಿನ ಸಾಮಾನಿಗೆಲ್ಲಾ ಕುಂಕುಮ ಉದುರಿಸಿದ್ಲು. "ಇನ್ನರ ನಮ್ಮನಿ ಬಿಟ್ಟು ಸುಖವಾಗಿ ಹೋಗವ್ವಾ" ಅಂತ ಗಾಡಿಗೆ ಕೈ ಮುಗದ್ಲು. ಮರುದಿವಸ ಮುಂಜಾನೆ ಅಪ್ಪ ಹೂವು ತಗದು, ಮ್ಯಾಲ ಮ್ಯಾಲೆ ಒರಸಿ, ಅದನ್ನ ಜೋಡಿಸಿ ಹಾಕಿದ. ಪೂಜಿ ಮಾಡಿದ ಸಾಮಾನನ್ನ ದಸರಾ ಮುಗಿಯೂತನಕ ನೀರಿಲೆ, ಎಣ್ಣಿಲೆ ತೊಳ್ಯೂ ಪದ್ಧತಿ ನಮ್ಮನ್ಯಾಗ ಇರಲಿಲ್ಲ.

ದಸರಾ ದಿವಸ ಗಾಡಿ ಖಾನಾಪುರಕ್ಕ ಹೋಗೂದು. ನಾಷ್ಟಾ ಮಾಡೂ ಮುಂದ ಅಪ್ಪ ಸಹಜ ಅನ್ನೂವಂಗ ಹೇಳಿದ.

"ಶೈಲಾ ನನ್ನ ಜೋಡಿ ಬರ್ಲಿ. ಗಾಡಿ ಕೊಟ್ಟು, ಹಂಗಽ ಪಾರಿಶ್ವಾಡಕ್ಕ ಹೋಗಿ ಅವ್ವನ ಮಾರಿ ನೋಡಿ ಬರತಾಳ."

ನಾನು ತಾಟು ಸರಿಸಿ ಎದ್ದೆ. ಅವಲಕ್ಕಿ ಪಡಸಾಲಿ ತುಂಬ ಚೆಲ್ಲಿತು. ದೇವರ ಜಗಲಿ ಮುಂದ ಗ್ವಾಡಿಗೆ ಮಾರಿ ಮಾಡಿ ಕುಂತೆ. ಆಮ್ಯಾಲೆ ಎಲ್ಲಾರೂ ಬನ್ನಿ ಕೊಡಾಕ ಸುರು ಮಾಡಿದ್ರು. ನಮ್ಮ ಕಡೆ ಅವತ್ತ ಬನ್ನಿ ಎಲಿ ಕೈಯಾಗ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಅಂತಾರ, ವರ್ಷದ ಜಗಳ ಅಲ್ಲಿಗೆ ಮುಗೀತು ಅಂತ. ಶೈಲಾ ನನ್ನ ಮುಂದ ಬಂದು ಕುಂತು ಕೈ ಚಾಚಿದ್ಲು. ನಾನು ಕೈ ಮುಂದ ಮಾಡಲಿಲ್ಲ. ಆಕಿ ಎಲಿನ ನನ್ನ ಮಡಿಲಾಗ ಇಟ್ಟು ಎದ್ದು, ಅಪ್ಪನ ಎದುರಿಗೆ ಹೋಗಿ ನಿಂತ್ಲು.

"ಮಾಮಾ, ಕಸ್ತೂನ್ನ ಕರಕೊಂಡು ಹೋಗ್ರಿ. ನಾ ದೀಪಾವಳಿಗೆ ಹೆಂಗೂ ಊರಿಗೆ ಹೋಗತೀನಲ್ಲ."

ಅಪ್ಪನ ಮಾರಿ ಬಿತ್ತು. ನನ್ನ ಕಣ್ಣಿಲೆ ನೋಡೀನಿ, ಬಿತ್ತು. ಹೆತ್ತ ಮಗಳನ್ನ ಕರಕೊಂಡು ಹೋಗಾಕ ಮಾರಿ ಸಣ್ಣದಾತು! "ದಾರ್ಯಾಗ ಏನರ ಆದ್ರ..." ಅಂತ ಅರ್ಧಕ್ಕ ನಿಲ್ಲಿಸಿ ಅವ್ವನ ಕಡೆ ನೋಡಿದ. ಸೀಟು ಸಿಕ್ಕಿತ್ತು ನನಗ. ಸಿಕ್ಕರ ಏನು, ಅದೂ ಆಕಿ ಕೊಟ್ಟ ದಾನ. ಗಾಡಿ ಹತ್ತೂವಾಗ ಶೈಲಾ ಬಾಗಲಾಗ ಬಗ್ಗಿ ನನಗ ಕೇಳೂವಷ್ಟಽ ಹೇಳಿದ್ಲು.

"ಪೈಪು ಸೀಟಿನ ಹಿಂದ ಇಟ್ಟೀನಿ. ದಾರ್ಯಾಗ ಮಾತಾಡೂದಿದ್ರ ಜೋರ ಮಾತಾಡು ಹಾಂ. ಗಾಳಿ ಇರತದ."

ನನಗ ಗೊತ್ತಿಲ್ಲೇನು ಗಾಳಿ ಇರತೈತಿ ಅಂತ? ಗ್ಲಾಸು ಏರಿಸಿಬಿಟ್ಟೆ.

ಮಚ್ಛೆ ದಾಟೂತನಕ ನಾನು ರಾಣಿ. ರಸ್ತಾದಾಗಿನ ಮಂದಿ ನಿಂತು ನೋಡತಿದ್ರು. ಗಾಡಿ ನೆಲಕ್ಕ ಎಷ್ಟು ಹತ್ತಿರ ಇತ್ತಂದ್ರ ಎತ್ತಿನಗಾಡಿ ಗಾಲಿ ನನ್ನ ಕಿವಿ ಬಾಜೂಕ ಹೋತು. ಅಪ್ಪನ ಜೋಡಿ ಏನೇನೋ ಮಾತಾಡಿದೆ, ಅಂವ ರಸ್ತಾ ನೋಡಕೋತ ಒಂದಕ್ಕೂ ಉತ್ತರ ಕೊಡಲಿಲ್ಲ. ಆಕಿ ಬಂದಿದ್ರ ಮಾತಾಡತಿದ್ದಿ ಅಂತ ಮನಸಿನ್ಯಾಗ ಅಂದುಕೊಂಡು ನಾನೂ ಬಾಯಿ ಮುಚ್ಚಿದೆ. ಗಣೇಬೈಲಿನ ಕಡೆ ಗಿಡಗಳ ನೆರಳು ಸುರುವಾಗೂ ಹೊತ್ತಿಗೆ ಗಾಡಿ ಒಮ್ಮೆ ಜಗ್ಗಿತು, ಮತ್ತ ಜಗ್ಗಿತು, ಆಮ್ಯಾಲೆ ಪಹಿಲೇ ದಿವಸ ನಡಗಿದಂಗ ನಡಗಾಕ ಹತ್ತಿತು. ಅಪ್ಪ ಬಾಜೂಕ ತಗೊಂಡು ನಿಲ್ಲಿಸಿದ. ಬಾನೆಟ್ ಎತ್ತಿದ. ಎಂಜಿನ್ ಚಾಲೂನ ಇಟ್ಟು ನನ್ನ ಕೈಯಾಗ ಪೈಪು ಕೊಟ್ಟ.

"ಕೇಳು. ಎರಡರಾಗ ಯಾವುದು ಕೆಟ್ಟೈತಿ ಹೇಳು. ಅವಸರ ಮಾಡಬ್ಯಾಡ."

ಕೇಳಿದೆ. ಈ ಸಲ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡದು ಕೇಳಿದೆ. ಬಸವಣ್ಣನ ಆಣೆ, ನನಗ ಫರಕು ತಿಳೀಲಿಲ್ಲ. ಎರಡೂ ಸುಂಯ್ ಅಂತಿದ್ವು, ನಡುನಡುವ ಯಾವುದೋ ಒಂದು ಕೆಮ್ಮಿದಂಗ ಮಾಡತಿತ್ತು.

"ನನಗ ತಿಳೀವಲ್ದು ಅಪ್ಪಾ. ನೀನಽ ಕೇಳು, ನಾ ಈ ತುದಿ ಹಿಡೀತೀನಿ."

ಅಪ್ಪ ಒಂದು ಗಳಿಗಿ ಅನುಮಾನ ಮಾಡಿ, ಪೈಪಿನ ತುದಿ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಅಷ್ಟರಾಗ ಹಿಂದಿಂದ ಕುರಿ ಹಿಂಡು ಬಂತು. ರಸ್ತಾ ತುಂಬ ಕುರಿ, ಹಿಂದ ಕುರುಬಣ್ಣ, ಅಂವನ ನಾಯಿ. ನಾಯಿ ಗಾಡಿ ನೋಡಿ ನನ್ನ ಕಾಲ ಬುಡಕಽ ಬಂದು ಬೊಗಳಿತು. ನಾನು ಹೆದರಿ ಹಿಂದ ಸರದೆ. ಸರಿಯೂವಾಗ ನಾನು ಕಾರ್ಬೋರೇಟರಿನ ಬಾಯಾಗ ಹಿಡದಿದ್ದ ತುದಿ ಹೊರಗ ಬಂತು. ಪೈಪು ನನ್ನ ಕೈಯಾಗ ಸುಮ್ಮನ ನೆಲದ ಕಡೆ ಜೋತಾಡಾಕತ್ತಿತ್ತು. ಅಪ್ಪ ಕಣ್ಣು ಮುಚ್ಚಿದಾಂವ ತಲಿ ಅಲಗಾಡಿಸಿದ.

"ಹಾಂ... ಇದು ಬರೋಬ್ಬರಿ ಎಳ್ಯಾಕತ್ತೈತಿ. ಸದ್ದು ಛಲೋ ಐತಿ. ಈಗ ಆ ಬಾಜುದಕ್ಕ ಹಿಡಿ."

"ಅಪ್ಪಾ" ಅಂದೆ. ಅಂವ ಕಣ್ಣು ತೆರೀಲಿಲ್ಲ. "ಅಪ್ಪಾ." ಕುರಿ ಮುಂದ ಹೋದ್ವು. ನಾಯಿ ಇನ್ನೂ ಬೊಗಳತಽ ಇತ್ತು, ಅಪ್ಪನ ಬೆನ್ನ ಹಿಂದ ನಿಂತು ಬೊಗಳತಿತ್ತು. ನಾನು ಅಂವನ ಕೈ ಮುಟ್ಟಿದೆ. ಕಣ್ಣು ತೆರದ. ಮೊದಲ ನನ್ನ ಮಾರಿ ನೋಡಿದ, ಆಮ್ಯಾಲೆ ನನ್ನ ಕೈಯಾಗ ಜೋತಾಡೂ ಪೈಪಿನ ತುದಿ ನೋಡಿದ. ಅಲ್ಲೇ ಕಲ್ಲಿನ ಮ್ಯಾಲೆ ಕುಂತುಬಿಟ್ಟ.

"ಸಣ್ಣ ಸದ್ದು ಕೇಳಂಗಿಲ್ಲ ಕಸ್ತೂ. ಫೌಂಡ್ರಿಯೊಳಗಿನ ಮಶೀನು ತಿಂದು ಹಾಕೈತಿ. ಬಾಳ ದೊಡ್ಡದಿದ್ರ ಮಾತ್ರ ಕೇಳತೈತಿ. ಮಾತು ಅರ್ಧ ಕೇಳತೈತಿ, ಅರ್ಧ ಬಾಯಿ ನೋಡಿ ತಿಳಕೋತೀನಿ." ನನ್ನ ಕೈಯಾಗಿನ ಪೈಪು ಇಸಕೊಂಡು ಸುತ್ತಿಕೋತ, "ಅವ್ವನ ಮುಂದ ಹೇಳಬ್ಯಾಡ. ಓಣಿ ತುಂಬ ಆಗತೈತಿ. ಕಿವಿ ಹೋದ ಮಿಸ್ತ್ರಿ ಕಡೆ ಯಾರು ಗಾಡಿ ಬಿಡತಾರ?" ಅಂದ.

ಹಲ್ಲಾಗ ಕಚ್ಚೂ ಸ್ಕ್ರೂಡ್ರೈವರ್ ಹಿಡಿಕಿ, ಕಬಡ್ಡಿ ಸುದ್ದಿ, ಅವ್ವನ ಬೋಗಾಣಿ, ಆರಿದ ಚಹಾ, ಕೆಂಪು ಸವತಿ, ಎಲ್ಲಾ ಒಂದಽ ಸಲಕ್ಕ ನೆನಪಾದ್ವು. ನಾವಿಬ್ಬರೂ, ನಾನೂ ಅವ್ವನೂ, ಅಷ್ಟು ದಿವಸ ಈ ತಗಡಿನ ಗಾಡಿ ಮ್ಯಾಲೆ ಹೊಟ್ಟಿ ಉರಕೊಂಡಿದ್ವಿ. ಅಳು ಬಂತು. ಅಪ್ಪನ್ನ ತೆಕ್ಕಿ ಹಾಯಬೇಕು ಅನಿಸಿತು. ಆದ್ರ ಬಾಯಿಂದ ಬಂದದ್ದು ಬ್ಯಾರೇನ.

"ಶೈಲಾಗ ಗೊತ್ತೈತೇನು?"

ಅಪ್ಪ ನನ್ನ ತುಟಿ ನೋಡಿ ಹೂಂ ಅಂತ ತಲಿ ಹಾಕಿದ. "ಆಕಿನಽ ಗುರ್ತು ಹಿಡದ್ಲು. ಬಂದು ಒಂದು ವಾರಾನೂ ಆಗಿರಲಿಲ್ಲ."

ಒಂದು ವಾರ! ಹುಟ್ಟಿದಾಗಿಂದ ಆ ಮನ್ಯಾಗ ಇದ್ದಾಕಿ ನಾನು. ಪೈಪು ಆಕಿಗೆ ಹೋಗಿತ್ತು, ತುತ್ತು ಹೋಗಿತ್ತು, ಅವೆಲ್ಲಾ ಈಗ ಸಣ್ಣವು ಅನಿಸಿದ್ವು. ನಮ್ಮಪ್ಪನ ಗುಟ್ಟು ಆಕಿ ಕಡೆ ಇತ್ತು. ಅಂಥಾ ಹೊಟ್ಟಿಕಿಚ್ಚು ನನಗ ಆಮ್ಯಾಲೆ ಜೀವನದಾಗ ಯಾರ ಮ್ಯಾಲೂ ಆಗಿಲ್ಲ.

ಅಪ್ಪ ಎರಡೂ ಕಾರ್ಬೋರೇಟರ್ ಬಿಚ್ಚಿ ಟಾವೆಲ್ ಮ್ಯಾಲೆ ಹರವಿದ. ಒಂದರ ಬಟ್ಟಲಿನ ತಳದಾಗ ಕೆಂಪಗ ರಾಡಿ ಕುಂತಿತ್ತು. ಅವ್ವನ ಕುಂಕುಮ! ಪೆಟ್ರೋಲ್ ಹೋಗೂ ಸೂಜಿ ಕಣ್ಣಿನಷ್ಟು ತೂತಿನ್ಯಾಗ ಅದು ಹೊಕ್ಕು ಬೂಚು ಬಡದಂಗ ಆಗಿತ್ತು. ಅಪ್ಪ ಬಾಯಿಗೆ ಇಟ್ಟು ಜೋರ ಊದಿದ. ತುಟಿ ಎಲ್ಲಾ ಕೆಂಪಾತು, ಎಲಿ ಅಡಿಕಿ ತಿಂದಂಗ. ನನಗ ಅಳೂ ನಡುವನ ನಗು ಬಂತು. ಅಪ್ಪನೂ ನಕ್ಕ.

"ಸವತಿ ಹೋಗೂವಾಗ ನಿಮ್ಮವ್ವ ಸುಮ್ಮನ ಬಿಟ್ಟಿಲ್ಲ ನೋಡು" ಅಂದ. ಸವತಿ ಅನ್ನೂದು ಅಂವಗ ಗೊತ್ತಿತ್ತು ಹಂಗಾದ್ರ.

ಖಾನಾಪುರದಾಗ ಸಾವಕಾರ್ರು ಬಾಗಲಾಗಽ ನಿಂತಿದ್ರು. ಅವರ ಮೀಸಿ ದಪ್ಪ, ತುಟಿ ಕಾಣತಿರಲಿಲ್ಲ. "ಕಾಯ್ ಮಿಸ್ತ್ರಿ, ವಾಟೇತ್ ಕಾಹೀ ತ್ರಾಸ್?" ಅಂತ ದಾರ್ಯಾಗ ತ್ರಾಸಾತೇನು ಅಂತ ಕೇಳಿದ್ರು. ಅಪ್ಪ ನನ್ನ ಕಡೆ ನೋಡಿದ. ಆ ನೋಟಕ್ಕ ನಾನು ಎಷ್ಟು ದಿವಸ ಕಾದಿದ್ದೆ! ಖುಷಿಗೆ ನನಗ ದಾರಿ ತಿಳೀಲಿಲ್ಲ, ಅಪ್ಪನ ಕಿವಿಗೆ ಬಾಯಿ ಇಟ್ಟು, "ದಾರ್ಯಾಗ ತ್ರಾಸಾತೇನು ಅಂತ ಕೇಳಾಕತ್ತಾರ!" ಅಂತ ಒದರಿಬಿಟ್ಟೆ. ಸಾವಕಾರ್ರು ಹುಬ್ಬು ಏರಿಸಿ ನಮ್ಮಿಬ್ಬರನ್ನ ನೋಡಿದ್ರು. ಅಪ್ಪನ ಕುತಗಿ ಕೆಂಪಾತು. "ಹುಡುಗಿ ಚ್ಯಾಷ್ಟಿ ಮಾಡತಾಳ್ರಿ" ಅಂತ ನಕ್ಕು ಮಾತು ಮುಚ್ಚಿದ. ಸಾವಕಾರ್ರು ಗಾಡಿಯೊಳಗ ಕುಂತು ಒಂದು ಸುತ್ತು ಹೊಡದು ಬಂದು ಅಪ್ಪನ ಬೆನ್ನು ಚಪ್ಪರಿಸಿದ್ರು. ಬಸ್ಸಿನ್ಯಾಗ ಬರೂವಾಗ ಅಪ್ಪ ಸಿಟ್ಟು ಮಾಡಲಿಲ್ಲ. "ಒದರಬ್ಯಾಡವ್ವಾ, ಒದರಿದ್ರ ಬಾಯಿ ನೋಡಿ ಮತ್ತ ತಿಳ್ಯಂಗಿಲ್ಲ" ಅಂದ, ಅಷ್ಟಽ. ನಾನು ಕಿಡಕಿ ಕಡೆ ಮಾರಿ ಮಾಡಿ ಕುಂತೆ.

ಮನಿ ಮುಟ್ಟಿದಾಗ ಶೈಲಾ ಕಾಲಿಗೆ ನೀರು ತಂದ್ಲು. ಅಪ್ಪ ಒಳಗ ಹೋದ. ಆಕಿ ನನ್ನ ಮಾರಿ ನೋಡಿದ್ಲು.

"ಗೊತ್ತಾತೇನು?"

"ಹೂಂ. ನನಗ ಯಾಕ ಹೇಳಲಿಲ್ಲ?"

"ಮಾಮಾ ಆಣಿ ಹಾಕಿದ್ರು. ಮಗಳಿಗೆ ಗೊತ್ತಾದ್ರ ಆಕಿ ಕಣ್ಣಾಗ ನಾ ಸಣ್ಣವ ಆಗತೀನಿ ಅಂದ್ರು." ತಂಬಿಗಿ ಕೆಳಗ ಇಟ್ಟು, ಆಕಿ ದನಿ ತಗ್ಗಿಸಿದ್ಲು. "ಒದರಬ್ಯಾಡ ಕಸ್ತೂ. 'ಜೋರ ಮಾತಾಡು' ಅಂತ ನಾ ಹೇಳಿದ್ದಽ ತಪ್ಪು, ಗಾಡಿಯೊಳಗ ಅಂತ ಹಂಗ ಅಂದೆ. ಮನ್ಯಾಗ ಎದುರಿಗೆ ಹೋಗಿ ನಿಂದರು. ಬೆಳಕು ನಿನ್ನ ಮಾರಿ ಮ್ಯಾಲೆ ಇರಬೇಕು. ಅವರು ತಲಿ ಎತ್ತೂತನಕ ತಡೀಬೇಕು. ಆಮ್ಯಾಲೆ ಸಾವಕಾಶ ಮಾತಾಡಬೇಕು."

ನಮ್ಮಪ್ಪನ ಜೋಡಿ ಹೆಂಗ ಮಾತಾಡಬೇಕಂತ ಪಾರಿಶ್ವಾಡದಿಂದ ಬಂದಾಕಿ ನನಗ ಕಲಿಸಿಕೊಟ್ಲು. ಹೊಟ್ಟಿ ಉರೀತಿತ್ತು. ಉರೀತಿದ್ರೂ ಒಂದೊಂದು ಮಾತೂ ಲಕ್ಷ್ಯ ಇಟ್ಟು ಕೇಳಿದೆ. ಮುಂಜಾನೆ ಮಡಿಲಾಗ ಬಿದ್ದ ಬನ್ನಿ ಎಲಿ ಲಂಗದ ನಿರಿಗಿಯೊಳಗ ಇನ್ನೂ ಇತ್ತು. ತಗದು ಆಕಿ ಕೈಯಾಗ ಇಟ್ಟೆ. ಬಂಗಾರದಂಗ ಇರೂಣು ಅನ್ನಾಕ ಮಾತ್ರ ಬಾಯಿ ಬರಲಿಲ್ಲ.

ಅಡಿಗಿಮನ್ಯಾಗ ಅವ್ವ ಹೋಳಗಿ ಮಾಡಿ ಮುಗಿಸಿದ್ಲು. ಅಪ್ಪ ಆಗಲೇ ಶೆಡ್ಡಿನ್ಯಾಗ, ಗಾಡಿ ಇಲ್ಲದ ಜಾಗಾದಾಗ ಕುಂತು ಪಾನಾ ಒರಸಾಕತ್ತಿದ್ದ. "ಊಟಕ್ಕ ಬರ್ರೀ" ಅಂತ ಅವ್ವ ಕಿಡಕಿಯಿಂದ ಕೂಗಿದ್ಲು. ಅಂವ ಅಲಗಾಡಲಿಲ್ಲ. ನಾನು ಪಡಸಾಲಿ ಬಾಗಲದಿಂದ ಶೆಡ್ಡಿಗೆ ಹೋಗಿ, ಅಪ್ಪನ ಎದುರಿಗೆ ಬೆಳಕಿನ್ಯಾಗ ನಿಂತೆ. ಅಂವ ತಲಿ ಎತ್ತೂತನಕ ತಡದೆ.

"ಅಪ್ಪಾ, ಊಟಕ್ಕ ಬಾ."

ಅಪ್ಪ ಪಾನಾ ಕೆಳಗ ಇಟ್ಟು ಎದ್ದು ಬಂದ. ಕಿಡಕಿಯೊಳಗ ಅವ್ವ ನಮ್ಮನ್ನ ನೋಡಕೋತ ನಿಂತಿದ್ಲು. ಶೈಲಾನ್ನ ನೋಡಿದಾಗ ನನ್ನ ಕಣ್ಣಾಗ ಇರತಿದ್ದದ್ದಽ ಈಗ ಆಕಿ ಕಣ್ಣಾಗ ಇತ್ತು, ನನಗ ಯಾರೂ ಬಿಡಿಸಿ ಹೇಳೂದು ಬ್ಯಾಡಾಗಿತ್ತು.

"ಸವತಿ ಹೋದ್ಲು ಅಂತ ಹೋಳಗಿ ಮಾಡಿದೆ" ಅಂದ್ಲು ಅವ್ವ, ತಾಟು ಕುಕ್ಕಿ ಇಟ್ಟು. "ನಾ ಕೂಗಿ ಕೂಗಿ ಗಂಟಲಾ ಹರಕೊಂಡೆ. ಮಗಳು ಕರದ್ರ ನೋಡು, ಒಂದಽ ಮಾತಿಗೆ ಬಂದ್ರು."

ಶೈಲಾ ನನ್ನ ಕಡೆ ನೋಡಿದ್ಲು. ನಾನು ತಲಿ ಬಗ್ಗಿಸಿ ಹೋಳಗಿ ಮುರದೆ.